ಹಳ್ಳಕ್ಕೆ ಬಿಟ್ಟ ನೀರು

೧೪ ಸೆಪ್ಟೆಂಬರ್ ೨೦೨೫, ಭಾನುವಾರ

ಚಿ. ಸೌ. ಕಾಂಚನಾಳಿಗೆ,

ಅವ್ವನ ಆಶೀರ್ವಾದ. ಹೇಗಿದ್ದೀ ಎಂದು ಕೇಳುವ ಧೈರ್ಯವಿಲ್ಲ, ಅದಕ್ಕೇ ಕೇಳುವುದಿಲ್ಲ. ಕೂಸು ಹೋಗಿ ಇವತ್ತಿಗೆ ಇಪ್ಪತ್ತಾರು ದಿನ.

ಫೋನಿನಲ್ಲಿ ಹೇಳೋಣವೆಂದು ನಾಲ್ಕು ಸಲ ಹಚ್ಚಿದೆ. ಒಮ್ಮೆ ಅಳಿಯಂದಿರು ಎತ್ತಿದರು, ಎರಡು ಸಲ ನಿನ್ನ ಅತ್ತೆ. ನೀನೇ ಎತ್ತಿದಾಗ ಊಟ ಆಯಿತೇ ಎನ್ನುವುದರ ಹೊರತು ನನ್ನ ಬಾಯಿಂದ ಏನೂ ಹೊರಡಲಿಲ್ಲ. ಹತ್ತನೆಯ ತರಗತಿಯವರೆಗೆ ಓದಿದ್ದೇನೆ, ಬರೆಯಲಿಕ್ಕಾದರೂ ಬರಬೇಕಲ್ಲ ಎಂದು ಕೂತಿದ್ದೇನೆ. ಇದನ್ನು ಮೊದಲು ಒಬ್ಬಳೇ ಓದು. ಆಮೇಲೆ ಯಾರಿಗೆ ತೋರಿಸಿದರೂ ನನ್ನ ತಕರಾರಿಲ್ಲ.

ನಿನ್ನ ಅಪ್ಪ ತೀರಿಕೊಂಡ ಮೇಲೆ ಅವರ ಜಾಗದಲ್ಲಿ ನನ್ನನ್ನು ಹೊಲಸು ನೀರು ಶುದ್ಧ ಮಾಡುವ ಘಟಕದಲ್ಲಿ ಇಟ್ಟುಕೊಂಡರು. ಬಂಧುಗಳು ಮೂಗು ಮುಚ್ಚಿಕೊಂಡು ಆಡಿಕೊಂಡರು. ನನಗೆ ಮಾತ್ರ ಆ ಕೆಲಸದ ಮೇಲೆ ಅಭಿಮಾನವಿತ್ತು. ಬಸುರಿಯಾಗಿ ಕುಬಸಕ್ಕೆ ಬಂದಾಗ ನಿನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಕಡೆಯ ತೊಟ್ಟಿಯ ನೀರು ನೋಡಿ, "ಅವ್ವಾ, ಗಟಾರದಾಗ ಹರದಿದ್ದು ಇದ ನೀರೇನ?" ಎಂದು ನೀನು ಬಗ್ಗಿ ಬಗ್ಗಿ ನೋಡಿದೆ. ಆ ನೀರು ಕಬ್ಬಿನ ಹೊಲಗಳಿಗೆ ಹೋಗುತ್ತಿತ್ತು. ಬೇಸಿಗೆಯಲ್ಲಿ ಹೊಳೆ ಬತ್ತಿ ಮರಳು ಬಿದ್ದಾಗಲೂ ಆ ಹೊಲಗಳು ಹಸಿರಾಗಿದ್ದವು.

ಘಟಕ ಕಟ್ಟಿದಾಗ ಊರು ಇಷ್ಟು ದೊಡ್ಡದಿರಲಿಲ್ಲ. ಮಳೆಯೂ ಹೀಗೆ ಬರುತ್ತಿರಲಿಲ್ಲ. ಎಂಟು ದಿನ ಹಿಡಿದು ಬರುವ ಮಳೆ ಈಗ ಎರಡು ತಾಸಿನಲ್ಲಿ ಬಂದು ಹೋಗುತ್ತದೆ. ಮಳೆಗಾಲಕ್ಕೆ ಮೊದಲು ಇನ್ನೊಂದು ದೊಡ್ಡ ತೊಟ್ಟಿ ಬೇಕೆಂದು ಪುರಸಭೆಯ ಸಾಹೇಬರಿಗೆ ಮೂರು ಅರ್ಜಿ ನಾನೇ ಬರೆದುಕೊಟ್ಟಿದ್ದೆ. ಆಗಲಿ ನೋಡೋಣ ಅಂದರು.

ಆಗಸ್ಟ್ ಹದಿಮೂರು, ಬುಧವಾರ. ಮಧ್ಯಾಹ್ನ ಮೂರಕ್ಕೆ ಮಳೆ ಹಿಡಿಯಿತು. ರಸ್ತೆಯ ನೀರೆಲ್ಲ ಗಟಾರಿನ ಪೈಪಿಗೆ ನುಗ್ಗಿ ಘಟಕದ ಕಡೆ ಬಂತು. ಐದು ಗಂಟೆಗೆ ಪಂಪಿನ ಮನೆಯಲ್ಲಿ ಮೊಣಕಾಲಿನವರೆಗೆ ನೀರು. ಎರಡೂ ಮೋಟಾರು ಸುಟ್ಟವು. ಮುಧೋಳದ ರಿಪೇರಿಯವನಿಗೆ ಫೋನು ಹಚ್ಚಿದರೆ ದಾರಿಯಲ್ಲಿ ಹಳ್ಳ ಬಂದಿದೆ, ನಾಳೆ ಬರುತ್ತೇನೆ ಅಂದ. ಘಟಕ ತೆಗೆದುಕೊಳ್ಳದ ನೀರು ಎಲ್ಲಿ ಹೋಗಬೇಕು? ಹಿಂದಕ್ಕೆ ತಿರುಗಿತು. ತಗ್ಗಿನ ಓಣಿಯಲ್ಲಿ ಮನೆಮನೆಯ ಪಾಯಖಾನೆಯಿಂದ ಉಕ್ಕತೊಡಗಿತು.

ಆ ಓಣಿಯ ಯಲ್ಲಕ್ಕ ನಿನಗೆ ಗೊತ್ತು, ಸಣ್ಣವಳಿದ್ದಾಗ ನಿನಗೆ ಜಡೆ ಹಾಕುತ್ತಿದ್ದವಳು. ಅವಳ ಗಂಡ ಎರಡು ವರ್ಷದಿಂದ ಹಾಸಿಗೆ ಹಿಡಿದಿದ್ದಾನೆ. ಅವಳು ತೊಯ್ದುಕೊಂಡು ಘಟಕದ ಬಾಗಿಲ ತನಕ ಓಡಿ ಬಂದಳು. "ಬೋರವ್ವಾ, ಹೊಲಸ ನೀರು ಹೊರಸಿನ ಮಟಾ ಬಂದೇತಿ. ಅವರನ್ನ ಎತ್ತಾಕ ನನ್ನೊಬ್ಬಾಕಿ ಕಡಿಂದ ಆಗವಲ್ದು. ಏನರ ಮಾಡ ಬೇ" ಎಂದು ನನ್ನ ಕೈ ಹಿಡಿದಳು. ಅವಳ ಹಿಂದೆ ಇಡೀ ಓಣಿ ನಿಂತಿತ್ತು.

ಸಾಹೇಬರಿಗೆ ಫೋನು ಹಚ್ಚಿದೆ. "ಹಳ್ಳದ ಗೇಟ್ ತೆಗದಬಿಡು. ವಹಿಯೊಳಗ ಬರೀಬ್ಯಾಡ, ಯಾರ ಮುಂದೂ ಬಾಯಿ ಬಿಡಬ್ಯಾಡ" ಅಂದರು. ಗುತ್ತಿಗೆದಾರರ ಮೇಸ್ತ್ರಿ ಅಪ್ಪಾಸಾಬ ತೇರದಾಳದಿಂದ ಬಂದು ಮಳೆಗೆ ಅಲ್ಲೇ ಸಿಕ್ಕಿಬಿದ್ದಿದ್ದ. ಇಬ್ಬರೂ ಕೂಡಿ ಗೇಟಿನ ಗಾಲಿ ತಿರುವಿದೆವು. ಆಗ ಸಂಜೆ ಆರು ಗಂಟೆ. ಇಡೀ ಊರಿನ ಹೊಲಸು ಶುದ್ಧವಾಗದೆ ಹಳ್ಳಕ್ಕೆ ಬಿತ್ತು. ಅರ್ಧ ತಾಸಿನಲ್ಲಿ ಯಲ್ಲಕ್ಕನ ಮನೆಯ ನೀರು ಇಳಿಯಿತು. ಅವಳು ನನಗೆ ಕೈಮುಗಿದಳು.

ಹಳ್ಳ ಹೊಳೆಗೆ ಕೂಡುತ್ತದೆ. ಕೂಡಿದಲ್ಲಿಂದ ಕೆಳಗೆ ಬೀಳಗಿಯ ಕಡೆ ಹೋದರೆ ನಿಮ್ಮೂರಿನ ನಳಕ್ಕೆ ಹೊಳೆಯ ನೀರೆತ್ತುವ ಬಾವಿ. ಅಲ್ಲಿ ಸೋಸುವ ವ್ಯವಸ್ಥೆ ಹೆಸರಿಗಷ್ಟೇ ಇದೆ ಎಂದು ನೀನೇ ಹೇಳಿದ್ದೆ.

ಮುಂದಿನದು ನಾನು ಬರೆಯಬೇಕಾಗಿಲ್ಲ. ನಿಮ್ಮೂರಲ್ಲಿ ಮನೆಗೊಬ್ಬರಿಗೆ ವಾಂತಿ ಭೇದಿ ಶುರುವಾಯಿತು. ಕೂಸನ್ನು ಜಮಖಂಡಿಯ ಆಸ್ಪತ್ರೆಗೆ ತಂದಿರಿ, ನಾನೂ ಓಡಿ ಬಂದೆ. ಅದರ ಕಾಲಿಗೆ ಸಲಾಯಿನ್ ಚುಚ್ಚಿದ್ದರು, ಕೈಯಲ್ಲಿ ನರ ಸಿಕ್ಕಿರಲಿಲ್ಲ. ಎಂಟು ತಿಂಗಳ ಕೂಸು ಮೂರು ದಿನದಲ್ಲಿ ಮೂರು ತಿಂಗಳಿನದಷ್ಟಾಗಿತ್ತು. ಹತ್ತೊಂಬತ್ತರ ಮುಂಜಾನೆ ನಿನ್ನ ತೊಡೆಯ ಮೇಲೆಯೇ ಹೋಯಿತು.

ಮಣ್ಣು ಮಾಡಿ ಬಂದ ದಿನ ನಿಮ್ಮ ಪಡಸಾಲೆಯಲ್ಲಿ ಬೀಗತಿ ಹಣಮವ್ವ ಎಲ್ಲರೆದುರು ಅಂದರು: "ಊರಾಗ ಎಲ್ಲಾರಿಗೂ ಆಗಿತ್ತು, ಎಲ್ಲಾರೂ ಎದ್ದು ಕುಂತಾರ. ನಮ್ಮ ಕೂಸು ಒಂದ ಯಾಕ ಹೋತು? ಹೊಲಿಗಿ ಮಷಿನ್ ಬಿಟ್ಟು ಏಳಲಾರದ ಬಾಟ್ಲಿ ಹಾಲ ಹಚ್ಚಿದ್ಲು, ಅದಕ್ಕ." ಅವರು ಬೈಯಲೆಂದು ಅಂದದ್ದಲ್ಲ, ಸಂಕಟಕ್ಕೆ ಅಂದರು. ನೀನು ತಲೆ ತಗ್ಗಿಸಿ, "ಖರೆ ಐತ್ರಿ ಅತ್ತಿ. ನಾ ಬಾಟ್ಲಿ ಛಲೋ ತೊಳಿಲಿಲ್ಲ" ಅಂದೆ.

ನಾನು ನಿನ್ನ ಪಕ್ಕದಲ್ಲೇ ಕೂತಿದ್ದೆ. ಬಸ್ಸು ತಪ್ಪುತ್ತದೆ ಎಂದು ಎದ್ದು ಬಂದೆ.

ಕಾಂಚನಾ, ನೀನು ಬಾಟಲಿ ಚೆನ್ನಾಗಿಯೇ ತೊಳೆದಿದ್ದೆ. ತೊಳೆದ ನೀರೇ ಹಾಗಿತ್ತು.

ಆಮೇಲೆ ನಾನು ಸುಮ್ಮನಿರಲಿಲ್ಲ, ಇದ್ದರೂ ಒಂದೇ, ಇರದಿದ್ದರೂ ಒಂದೇ. ಕಚೇರಿಗೆ ಹೋಗಿ, ಗೇಟು ತೆಗೆದದ್ದರಿಂದಲೇ ಕೂಸು ಹೋಯಿತೆಂದು ಹೇಳಿದೆ. ಸಾಹೇಬರು ಕುರ್ಚಿ ಕೊಟ್ಟು ಕೂರಿಸಿ, ಹೊಳೆ ದೊಡ್ಡದು ಬೋರವ್ವಾ, ಮೇಲಿನ ಊರುಗಳೆಲ್ಲ ಬಿಟ್ಟಿವೆ, ಯಾವ ಊರಿನದೆಂದು ಹೇಗೆ ಹೇಳುತ್ತೀ ಅಂದರು. ನಿಮ್ಮೂರಿನ ನೀರಿನ ಮಾದರಿಯನ್ನು ಐದನೆಯ ದಿನ ಒಯ್ದರಂತೆ. ಅಷ್ಟರಲ್ಲಿ ಹೊಳೆ ಎಲ್ಲವನ್ನೂ ಹೊತ್ತು ಮುಂದೆ ಹೋಗಿತ್ತು. ನೀರು ಸರಿಯಿದೆ ಎಂದು ಬರೆದು ಬಂತು. ಹೊಸ ತೊಟ್ಟಿಯ ಮಾತು ಕೇಳಿದರೆ ಮುಂದಿನ ವರ್ಷ ಎನ್ನುತ್ತಾರೆ.

ಇನ್ನೊಂದು ವಿಷಯ ನೀನು ಬೇರೆಯವರಿಂದ ಕೇಳಬಾರದು. ಕಳೆದ ಮಂಗಳವಾರ ಮತ್ತೆ ಅಂಥದೇ ಮಳೆ ಬಂತು. ರಿಪೇರಿಯಾದ ಒಂದು ಮೋಟಾರಿನಿಂದ ಏನೂ ಆಗಲಿಲ್ಲ. ಮತ್ತೆ ಓಣಿಯವರು ಬಂದರು. ಗೇಟನ್ನು ಮತ್ತೆ ನಾನೇ ತೆಗೆದೆ.

ಈ ಸಲ ತೆಗೆಯುವ ಮೊದಲು ನಿಮ್ಮೂರಿಗೆ ನೀರು ಬಿಡುವ ಸಾಬಣ್ಣನಿಗೆ ಫೋನು ಮಾಡಿದೆ. ಮೂರು ದಿನ ಪಂಪು ಹಚ್ಚಬೇಡಪ್ಪ ಎಂದು ಬೇಡಿಕೊಂಡೆ. ಅವನು, "ಅಕ್ಕಾ, ಮೂರು ದಿನ ನೀರ ಬಿಡಲಿಲ್ಲಂದ್ರ ಮಂದಿ ಕೊಡಾ ತಂದು ನನ್ನ ಮನಿ ಮುಂದ ಕುಂಡ್ರತಾರ. ಬೋರಿನ ನೀರು ಉಪ್ಪ ಐತಿ, ಬಾಯಾಗ ಹಾಕಾಕ ಆಗೂದಿಲ್ಲ. ಮಂದಿ ಏನ ಕುಡೀಬೇಕು, ನೀವ ಹೇಳ್ರಿ" ಅಂದ. ಒಂದು ದಿನ ತಡೆದು ಎರಡನೆಯ ದಿನ ಬಿಟ್ಟನಂತೆ.

ಕೆಲಸ ಬಿಡೋಣವೆಂದು ದಿನಾ ಅಂದುಕೊಳ್ಳುತ್ತೇನೆ. ಬಿಟ್ಟರೆ ಆ ಗಾಲಿಯನ್ನು ಬೇರೆ ಯಾರೋ ತಿರುವುತ್ತಾರೆ. ಅವರಿಗೆ ಸಾಬಣ್ಣನ ನಂಬರು ಸಹ ಗೊತ್ತಿರುವುದಿಲ್ಲ. ಇದೂ ಒಂದು ನೆಪವೇ ಇರಬಹುದು, ನನಗೇ ತಿಳಿಯದು.

ನೀನು ಮಷಿನ್ ಮುಟ್ಟುವುದನ್ನು ಬಿಟ್ಟಿದ್ದೀ ಎಂದು ಅಳಿಯಂದಿರು ಹೇಳಿದರು. ಬಿಡಬೇಡ. ಎರಡು ಹೊತ್ತು ಉಣ್ಣು. ನೀರು ಕುದಿಸದೆ ನೀನೂ ಕುಡಿಯಬೇಡ, ಮನೆಯವರಿಗೂ ಕೊಡಬೇಡ.

ನನ್ನನ್ನು ಕ್ಷಮಿಸು ಎಂದು ಬರೆಯುವುದಿಲ್ಲ. ನೋಡಬೇಕು ಅನ್ನಿಸಿದ ದಿನ ಕರೆ, ಬರುತ್ತೇನೆ. ಅನ್ನಿಸದಿದ್ದರೆ ಬೇಡ.

ನಿನ್ನ ಅವ್ವ,
ಬೋರವ್ವ

ತಾ. ಕ.: ಪತ್ರ ಮಡಚಿ ಮತ್ತೆ ಬಿಚ್ಚಿದ್ದೇನೆ. ಹದಿನಾಲ್ಕರ ಮುಂಜಾನೆ ಎಂಟಕ್ಕೆ ನೀನು ಫೋನು ಮಾಡಿ, "ಅವ್ವಾ, ನಳದ ನೀರು ಒಂಥರಾ ನಾರಾಕತ್ತೇತಿ, ಕೂಸಿಗೆ ಪುಡಿ ಹಾಲು ಕಲಸಲೇನ?" ಎಂದು ಕೇಳಿದೆ. ಹೊಳೆಗೆ ಹೊಸ ನೀರು ಬಂದಿದೆ, ಅರಿವೆಯಲ್ಲಿ ಸೋಸಿಕೋ ಅಂದೆ. ಆಗ ಗೇಟು ತೆಗೆದು ಹದಿನಾಲ್ಕು ತಾಸಾಗಿತ್ತು, ನನಗೆ ಎಲ್ಲವೂ ಗೊತ್ತಿತ್ತು. ಎದುರಿಗೆ ಅಪ್ಪಾಸಾಬ ಚಹಾ ಕುಡಿಯುತ್ತಾ ಕೂತಿದ್ದ, ಸಾಹೇಬರಿಗೆ ಹೇಳಿಬಿಟ್ಟಾನೆಂಬ ಹೆದರಿಕೆಗೆ ಹಾಗಂದೆ. ಹೊರಗೆ ಹೋಗಿ ಮಾತಾಡಬಹುದಿತ್ತು, ಬಾಗಿಲು ನಾಲ್ಕೇ ಹೆಜ್ಜೆ. ಅವ್ವನನ್ನು ಕೇಳಿಯೇ ಆ ಹಾಲು ಕಲಸಿದೆ ಎಂದು ನೀನು ಇವತ್ತಿನವರೆಗೂ ನಿನ್ನ ಅತ್ತೆಯ ಮುಂದೆ ಹೇಳಿಲ್ಲ. ಹೇಳು.