ದಕ್ಷಿಣದ ಇಳಿಜಾರಿಗೆ ಏನು ಬಿತ್ತೋಣ

ನೂರ್‌ಬುಕ್ತ, ಸೆನ್ಯಾ ದ್ವೀಪ
೧೪ ಏಪ್ರಿಲ್ ೧೯೩೪

ಪ್ರೀತಿಯ ಹಿಲ್ಮಾರ್,

ಕೈ ಹೇಗಿದೆ? ಗಾಳದ ಹುರಿ ಕೊಯ್ದ ಗಾಯ ಮಾಯಿತೇ? ಉಪ್ಪುನೀರಿನಲ್ಲಿ ತೊಳೆದು ಸುಮ್ಮನಿರಬೇಡ, ಮೀನೆಣ್ಣೆ ಹಚ್ಚು. ನೀವಿರುವ ಲೋಫೋಟೆನ್ನಿನಲ್ಲಿ ಈ ಸಲ ಮೀನು ಚೆನ್ನಾಗಿ ಬಿದ್ದಿದೆಯಂತೆ, ಅಂಚೆದೋಣಿಯವರು ಹೇಳಿದರು. ನೀನು ಮಾತ್ರ ಮೂರು ಸಾಲು ಗೀಚಿ ಕೈತೊಳೆದುಕೊಂಡಿದ್ದೀಯ. ಆ ಮೂರರಲ್ಲಿ ನಿನ್ನ ಅಮ್ಮನ ಹೆಸರೇ ಇಲ್ಲ. ಮುನಿಸು ಇನ್ನೂ ಇಳಿದಿಲ್ಲವೇ, ಮಾರಾಯ? ನಾವೆಲ್ಲ ಆರೋಗ್ಯ. ಹಸು ಈದಿದೆ, ಹೆಣ್ಣುಕರು. ಅತ್ತೆಗೆ ಮೊಣಕಾಲು ನೋವು, ನಾಲಿಗೆ ಮಾತ್ರ ಗಟ್ಟಿಯಾಗಿದೆ.

ಈಗ ಹೊಲದ ವಿಷಯ. ದಕ್ಷಿಣದ ಇಳಿಜಾರಿಗೆ ಬಾರ್ಲಿಯೇ ಎಂದು ನೀನು ಹೇಳಿ ಹೋಗಿದ್ದೆ. ನನಗೆ ಅಲ್ಲಿ ಆಲೂಗಡ್ಡೆ ಹಾಕುವ ಮನಸ್ಸು. ಹಿಮ ಬೇಗ ಕರಗುವ ನೆಲ ನಮಗಿರುವುದು ಅದೊಂದೇ, ಅಲ್ಲಿ ಎಡವಿದರೆ ಬರುವ ಚಳಿಗಾಲವಿಡೀ ಬರೀ ಮೀನು ತಿಂದಿರಬೇಕು. ಮೇ ಕೊನೆಗೆ ನೆಲ ಸಡಿಲವಾದರೆ ಆಗಸ್ಟ್ ಕೊನೆಗೇ ಇಬ್ಬನಿ ಹೆಪ್ಪುಗಟ್ಟುತ್ತದೆ. ಮೂರು ತಿಂಗಳು ತುಂಬಿದರೆ ನಮ್ಮ ಪುಣ್ಯ. ಅದಕ್ಕೇ ಸೋಮವಾರ ಒಲೆಯ ಬೂದಿಯನ್ನೆಲ್ಲ ಹೊಲದ ಹಿಮದ ಮೇಲೆ ಎರಚಿ ಬಂದೆ, ಬಿಸಿಲಿಗೆ ಬೇಗ ಕರಗಲಿ ಎಂದು. ಬುಧವಾರ ಮತ್ತೆ ಹಿಮ ಬಿದ್ದು ಎಲ್ಲ ಮುಚ್ಚಿತು. “ನಿನ್ನ ಬೂದಿ ದೇವರಿಗೇ ಹಿಡಿಸಲಿಲ್ಲ ನೋಡಮ್ಮ” ಎಂದು ಆಚೆಮನೆಯವನು ಬೇಲಿಯಿಂದಲೇ ಕಿಚಾಯಿಸಿದ. ಅವನ ಮನೆಯ ಬೂದಿಯನ್ನೂ ಕೇಳಿ ತಂದು ಇನ್ನೊಮ್ಮೆ ಎರಚಿದೆ.

ಅತ್ತೆಗೆ ಇದೆಲ್ಲ ಸುತರಾಂ ಒಪ್ಪಿಗೆಯಿರಲಿಲ್ಲ. “ನಿನ್ನ ಮಾವ ಬಿತ್ತಿದ್ದು ಬಾರ್ಲಿ, ಅವರಪ್ಪ ಬಿತ್ತಿದ್ದೂ ಬಾರ್ಲಿ. ಮೊನ್ನೆ ಬಂದವಳು ನೀನು ನನಗೆ ಹೇಳ್ಕೊಡ್ತೀಯಾ?” ಮೊನ್ನೆಯಂತೆ! ಬಂದು ಹನ್ನೊಂದು ವರ್ಷವಾಯಿತು. ನಾನು ವಾದಕ್ಕಿಳಿಯಲಿಲ್ಲ. ಹೋದ ವರ್ಷದ ಬಾರ್ಲಿ ಬೀಜ ನೂರು ಎಣಿಸಿ, ಒದ್ದೆ ಉಣ್ಣೆಬಟ್ಟೆಯಲ್ಲಿ ಸುತ್ತಿ, ಒಲೆಯ ಹಿಂದೆ ಇಟ್ಟೆ. ಎಂಟು ದಿನಕ್ಕೆ ಮೊಳೆತದ್ದು ಇಪ್ಪತ್ತೇಳು. ಹೊಲದಲ್ಲಿ ನಿಂತಿದ್ದಾಗಲೇ ತೆನೆಗೆ ಚಳಿ ಬಡಿದಿತ್ತಲ್ಲ, ಕಾಳಿನೊಳಗಿನ ಜೀವ ಅಂದೇ ಹೋಗಿದೆ. ಅತ್ತೆ ನಂಬಲಿಲ್ಲ. “ನಿನ್ನ ಕೈಗುಣ ಸರಿಯಿಲ್ಲ” ಎಂದು ತಾವೇ ನೂರು ಕಾಳು ಆರಿಸಿ, ಒದ್ದೆ ಗಂಟು ಮಾಡಿ, ಬೆಚ್ಚಗಿರಲೆಂದು ಲಂಗದೊಳಗೆ ಸೊಂಟಕ್ಕೆ ಕಟ್ಟಿಕೊಂಡರು. ಚರ್ಚಿಗೂ ಹಾಗೇ ಹೋದರು. ಪ್ರಾರ್ಥನೆಯ ನಡುವೆ ನಗು ತಡೆಯಲು ನಾನು ಪಟ್ಟ ಪಾಡು ನನಗೇ ಗೊತ್ತು. ನಿನ್ನೆ ಗಂಟು ಬಿಚ್ಚಿದರು. ಹತ್ತೊಂಬತ್ತು. ಬಹಳ ಹೊತ್ತು ಕಾಳುಗಳನ್ನು ಬೆರಳಿನಿಂದ ಸರಿಸುತ್ತ ಕೂತಿದ್ದರು. ನನಗೆ ಗೆದ್ದೆ ಅನ್ನಿಸಲಿಲ್ಲ.

ಆಲೂಗಡ್ಡೆ ಬಿತ್ತುವ ಮೊದಲೇ ಒಳಗೆ ಆರು ವಾರ ಮೊಳಕೆ ಬರಿಸಬೇಕು, ಇಲ್ಲದಿದ್ದರೆ ಬೇಸಿಗೆ ಸಾಲದು. ಅದಕ್ಕೆ ನಿನ್ನ ಉತ್ತರಕ್ಕೆ ಕಾಯದೆ ಕಿಟಕಿಯ ಬೆಳಕಿನಲ್ಲಿ ಹರಡಿಬಿಟ್ಟಿದ್ದೇನೆ. ಬೈಯುವುದಿದ್ದರೆ ಬಂದು ಬೈ. ಅಂಗಳದ ಪಕ್ಕಕ್ಕೆ ಟರ್ನಿಪ್, ಕೆಳಗಿನ ಜೌಗಿಗೆ ಎಂದಿನಂತೆ ಹುಲ್ಲು.

ನಿನ್ನ ದೋಣಿಯನ್ನೂ ಅದರಲ್ಲಿರುವವರನ್ನೂ ದೇವರು ಕಾಯಲಿ. ಒಣ ಕಾಲುಚೀಲ ಹಾಕಿಕೊಂಡು ಮಲಗು.

ನಿನ್ನ
ಬೊರ್ಗಿಲ್ಡ್

ಅವಸರದಲ್ಲಿ ಇನ್ನೊಂದು ಮಾತು: ಅಂಚೆದೋಣಿ ಬಂದಿದೆ, ಅತ್ತೆ ಈಗ ತಾನೇ ಬಂದು ಪಕ್ಕದಲ್ಲಿ ನಿಂತರು. ಹೋದ ಆಗಸ್ಟಿನಲ್ಲಿ ನೀನು ಕುಡುಗೋಲು ಹಿಡಿದು ಹೊರಟಾಗ, ಭಾನುವಾರ ಕೊಯ್ಯಕೂಡದೆಂದು ಬಾಗಿಲಿಗೆ ಅಡ್ಡ ನಿಂತರಲ್ಲ, ಅದೇ ರಾತ್ರಿ ಚಳಿ ಬಡಿದು ಬೆಳೆ ಹೋಯಿತಲ್ಲ, ಅದರ ಬಗ್ಗೆ ಹೇಳುತ್ತಿದ್ದಾರೆ: “ಅವನನ್ನ ಬಿಡಬೇಕಿತ್ತು ಅಂತ ಬರಿ. ದೇವರ ಹತ್ರ ಆಮೇಲೆ ನಾನು ಮಾತಾಡ್ಕೋತಿದ್ದೆ.” ಹಿಲ್ಮಾರ್, ಈ ಕಾಗದಕ್ಕೆ ನನಗೆ ಉತ್ತರ ಬೇಡ. ಅವರ ಹೆಸರಿಗೆ ಬರೆ.