ಎಣ್ಣೆಯವನ ಮನೆಯವರೆಲ್ಲ ಕ್ಷೇಮವೇ?

ಅಪ್ಪಾ,

ನನ್ನ ಇಮೇಲ್ ವಿಳಾಸವನ್ನು ನೀವು ಹಾಸಿಗೆ ಅಂಗಡಿಯಲ್ಲಿ ಬರೆದುಕೊಟ್ಟು ಬಂದಿದ್ದೀರಿ.

ನಮ್ಮನ್ನೆಲ್ಲ ಕೆಲಸದಿಂದ ತೆಗೆದ ಗಿರಣಿ ಮಾಲೀಕನ ಮೇಲಿನ ಕೇಸು ಇವತ್ತೇ ವಿಚಾರಣೆಗೆ ಬರುತ್ತದೆ. ಅದರ ನೋಟಿಸು ಇಮೇಲ್‌ನಲ್ಲಿ ಹಾಸಿಗೆ, ದಿಂಬು, ಬೋಳುತಲೆ ಎಣ್ಣೆಯ ಜಾಹೀರಾತುಗಳ ಕೆಳಗೆ ಉಸಿರುಕಟ್ಟಿ ಬಿದ್ದಿತ್ತು. ಈಗಷ್ಟೇ ಸಿಕ್ಕಿತು, ಓಡುತ್ತಿದ್ದೇನೆ. ಆ ಮಾಲೀಕನೂ ಇಷ್ಟು ಚೆನ್ನಾಗಿ ಬಚ್ಚಿಡುತ್ತಿರಲಿಲ್ಲ.

ನೀವು ಪೋಸ್ಟ್‌ಮನ್ ಆಗಿದ್ದವರು, ಬಂದ ಕಾಗದಕ್ಕೆ ಉತ್ತರ ಬರೆಯದಿದ್ದರೆ ಮರ್ಯಾದೆಯಲ್ಲ ಅನ್ನುತ್ತೀರಿ. ಒಪ್ಪಿದೆ. ಆದರೆ ನನ್ನ ಇಮೇಲ್ ತೆರೆದು ಎಣ್ಣೆಯವನಿಗೆ "ಮಾನ್ಯರೇ, ನಮ್ಮ ಮಗಳಿಗೆ ಇರುವ ಜಡೆಯೇ ಸಾಕು, ನಿಮ್ಮ ಮನೆಯವರೆಲ್ಲ ಕ್ಷೇಮವೇ?" ಅಂತ ಬರೆಯುವುದಾ? ಇಲ್ಲಿ ಓದುವವರಿದ್ದಾರೆ ಅಂತ ಗೊತ್ತಾಗಿ ಅವನ ಬಂಧು ಬಳಗವೆಲ್ಲ ಬಾಚಣಿಗೆ ಹಿಡಿದು ಬಂದಿದೆ!

ಇನ್ನು ಯಾರಿಗೂ ಉತ್ತರ ಬರೆಯಬೇಡಿ. ಒಳಗಿರುವ ಲಿಂಕ್ ಒತ್ತಲೇಬೇಡಿ. ಅಂಗಡಿಯವರು ಕೇಳಿದರೆ ಇಮೇಲ್ ಇಲ್ಲ ಅನ್ನಿ. ಬಿಡದೆ ಪೀಡಿಸಿದರೆ, ನಿಮ್ಮ ಹೆಸರಲ್ಲಿ ಮಾಡಿಕೊಟ್ಟಿದ್ದೇನಲ್ಲ, ಆ ವಿಳಾಸ ಕೊಡಿ.

ಕಂಪ್ಯೂಟರ್ ತೆರೆದಿಟ್ಟಿದ್ದೇನೆ. ನಾನು ಬರುವಷ್ಟರಲ್ಲಿ ಈ ಕಸವನ್ನೆಲ್ಲ ಸ್ಪ್ಯಾಮ್‌ಗೆ ತಳ್ಳಿ. ಹಾಸಿಗೆ ಕಂಪನಿಯಿಂದಲೇ ಶುರು ಮಾಡಿ.

ಅಡುಗೆ ಮುಚ್ಚಿಟ್ಟಿದ್ದೇನೆ. ತಣ್ಣಗೆ ತಿನ್ನಬೇಡಿ.

(ಅದೇ ಚೀಟಿಯ ಕೆಳಗೆ, ಅಪ್ಪನ ಕೈಬರಹದಲ್ಲಿ)

ಮಗಳೇ,

ಎಣ್ಣೆಯವನನ್ನು ತಳ್ಳಿದೆ. ಅವನ ಬಳಗವನ್ನೂ ತಳ್ಳಿದೆ. ದಿಂಬಿನವನು ಹೋದ.

ಹಾಸಿಗೆ ಕಂಪನಿಯವರು ಮಾತ್ರ ದಿನಾ ಬೆಳಿಗ್ಗೆ "ರಾತ್ರಿ ನಿದ್ದೆ ಚೆನ್ನಾಗಿ ಬಂತಾ?" ಅಂತ ಕೇಳುತ್ತಾರೆ. ಈ ಮನೆಯಲ್ಲಿ ನನ್ನನ್ನು ಬೇರೆ ಯಾರು ಕೇಳುತ್ತಾರೆ?

ಅವರನ್ನು ತಳ್ಳುವುದಿಲ್ಲ.