ಒಂದೇ ಹೆಸರಿನ ಎರಡು ಆದೇಶಗಳು

ಪ್ರೀತಿಯ ಅತ್ತೆಗೆ,

ನಿಮ್ಮ ಅಣ್ಣನ ಮಗಳ ನಮಸ್ಕಾರಗಳು. ಫೋನಿನಲ್ಲಿ ಹೇಳೋಣವೆಂದರೆ ನಿಮಗೀಗ ಕಿವಿ ಅಷ್ಟಾಗಿ ಕೇಳಿಸುವುದಿಲ್ಲ. ಕೂಗಿ ಹೇಳುವ ವಿಷಯವೂ ಇದಲ್ಲ. ಅದಕ್ಕೇ ದಪ್ಪ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿ.

ಮೊದಲು ಒಂದು ತಪ್ಪೊಪ್ಪಿಗೆ. ನಿಮ್ಮ ಕೆಲಸದ ಬಗ್ಗೆ ಯಾರಾದರೂ ಕೇಳಿದರೆ ಅಪ್ಪ, "ಅವಳಾ? ಕಾರ್ಖಾನೇಲಿ ಏನೋ ಟೈಪ್ ಮಾಡ್ತಾಳೆ" ಅನ್ನುತ್ತಿದ್ದರು. ನಾನೂ ಹಾಗೇ ನಂಬಿದ್ದೆ. ನೀವು ನಿವೃತ್ತರಾದ ಮೇಲೆ ಅದೇ ಕಾರ್ಖಾನೆಗೆ ಸೇರಿ, ಕಿಟಕಿ ಪಕ್ಕದ ನಿಮ್ಮ ಮೇಜಿನಲ್ಲೇ ಒಂಬತ್ತು ವರ್ಷ ಕೂತ ಮೇಲೂ ನಂಬಿದ್ದೆ. ನೀವು ಬಿಟ್ಟುಹೋದ ಕಾಗದದ ದಪ್ಪ ಕಟ್ಟನ್ನು, ಗಾಳಿಗೆ ಬಾಗಿಲು ಬಡಿದುಕೊಳ್ಳದಂತೆ ಒತ್ತಾಗಿ ಇಡುತ್ತಿದ್ದೆ. ಬೈದುಕೊಳ್ಳಿ, ಪರವಾಗಿಲ್ಲ.

ನಾವು ಮಾಡುವುದು ಈಗಲೂ ಅದನ್ನೇ: ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳನ್ನು ಬೆಚ್ಚಗಿಡುವ ಗಾಜಿನ ಪೆಟ್ಟಿಗೆ. ಅದರೊಳಗಿನ ಹಳೆಯ ಚಿಪ್ ಈಗ ಎಲ್ಲಿ ಹುಡುಕಿದರೂ ಸಿಗುವುದಿಲ್ಲ. ಹೋದ ತಿಂಗಳು ಹೊಸ ಬಗೆಯದನ್ನು ತರಿಸಿ, ನಿಮ್ಮ ಕಾಲದ ಪ್ರೋಗ್ರಾಮನ್ನು ಅದರ ಜೊತೆಗೇ ಬಂದ ಅಸೆಂಬ್ಲರಿಗೆ ಕೊಟ್ಟೆ. ಅಸೆಂಬ್ಲರ್ ಎಂದರೇನೆಂದು ನಿಮಗೆ ನಾನು ಹೇಳುವುದೇ! ಆದರೆ ನಿಮ್ಮ ಮೊಮ್ಮಗಳು ಹೆಗಲ ಮೇಲಿಂದ ಇಣುಕಿ ಓದುತ್ತಾಳೆಂದು ಗೊತ್ತು, ಅವಳಿಗಾಗಿ ಬರೆಯುತ್ತೇನೆ: ನಾವು ಹೆಸರು ಹಿಡಿದು ಬರೆದ ಆದೇಶಗಳನ್ನು ಚಿಪ್‌ಗೆ ಅರ್ಥವಾಗುವ ಅಂಕಿಗಳಾಗಿ ಬದಲಿಸಿಕೊಡುವ ಪ್ರೋಗ್ರಾಮು ಅದು.

ಹೊಸ ಅಸೆಂಬ್ಲರ್ ಒಂದು ತಕರಾರೂ ಇಲ್ಲದೆ ಎಲ್ಲವನ್ನೂ ಸರಸರನೆ ಬದಲಿಸಿಕೊಟ್ಟಿತು. ನಾನು ಹಿಗ್ಗಿದೆ. ಕೂಸಿನ ಜಾಗದಲ್ಲಿ ನೀರಿನ ಬಾಟಲಿ ಇಟ್ಟು, ಅದರೊಳಗೆ ಥರ್ಮಾಮೀಟರ್ ಇಳಿಬಿಟ್ಟು, ಪೆಟ್ಟಿಗೆ ಚಾಲೂ ಮಾಡಿದೆವು. ಪರದೆಯ ಮೇಲೆ ಮೂವತ್ತಾರೂವರೆ ಡಿಗ್ರಿ. ಒಂದು ಗಂಟೆ ಬಿಟ್ಟು ನೋಡಿದರೂ ಮೂವತ್ತಾರೂವರೆ. ಬಾಟಲಿಯ ಥರ್ಮಾಮೀಟರ್ ಮಾತ್ರ ಮೂವತ್ತೊಂಬತ್ತು ದಾಟಿತ್ತು. ನಾನು ಮುಚ್ಚಳ ತೆಗೆದು ಬಾಟಲಿ ಮುಟ್ಟಿದೆ. ತಕ್ಷಣ ಪ್ಲಗ್ ಕಿತ್ತೆ. ಆ ಪೆಟ್ಟಿಗೆ ಅದೇ ವಾರ ಆಸ್ಪತ್ರೆಗೆ ಹೋಗಬೇಕಿತ್ತು.

ನಾಲ್ಕು ದಿನ ಹುಡುಕಿದೆ. ತಂತಿ ಬದಲಿಸಿದೆ, ಹೀಟರ್ ಬದಲಿಸಿದೆ. ನಿಮ್ಮ ಕಾಲದವರೇ ಆದ ಬೆಸುಗೆ ಮಾಮ ಪ್ರತಿಯೊಂದು ಬೆಸುಗೆಯನ್ನೂ ಬಿಚ್ಚಿ ಮತ್ತೆ ಹಾಕಿದರು. ಕೊನೆಗೆ ಕನ್ನಡಕ ತೆಗೆದಿಟ್ಟು, "ನನ್ನ ಬೆಸುಗೆ ಮೇಲೆ ಅನುಮಾನ ಪಟ್ಟಿದ್ದು ಸಾಕು ತಾಯಿ, ಇನ್ನು ನಿನ್ನ ಪ್ರೋಗ್ರಾಮಿನ ಕಿವಿ ಹಿಂಡು" ಅಂದರು. ಹಿಂಡಿದೆ. ಅಂಕಿಗಳನ್ನು ಒಂದೊಂದಾಗಿ ಬೆರಳಿಟ್ಟು ಓದುತ್ತಾ ಹೋದಾಗ ಐದನೆಯ ದಿನ ಸಿಕ್ಕಿತು. 'ಮೂವ್‌ಡಿ' ಎಂಬ ಆದೇಶ. ನಿಮ್ಮ ಚಿಪ್‌ನಲ್ಲಿ ಅದಕ್ಕೆ ಒಂದೇ ಅರ್ಥವಿತ್ತು: ದಶಮಾಂಶದ ಅಂಕಿಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸು. ಹೊಸ ಚಿಪ್ ಮಾಡಿದವರು ಅದೇ ಹೆಸರನ್ನು ಇನ್ನೊಂದು ಕೆಲಸಕ್ಕೂ ಇಟ್ಟಿದ್ದರು: ಎರಡು ಅಂಕಿಗಳನ್ನು ಜೋಡಿಯಾಗಿ ಸಾಗಿಸು. ಒಂದೇ ಹೆಸರು, ಎರಡು ಆದೇಶ. ಹೊಸ ಅಸೆಂಬ್ಲರ್ ತನ್ನ ಪಟ್ಟಿಯಲ್ಲಿ ಮೊದಲು ಕಂಡದ್ದನ್ನು ಬಾಯಿ ಮುಚ್ಚಿಕೊಂಡು ಆರಿಸಿತ್ತು. ಉಷ್ಣತೆಯ ಅಂಕಿ ಬೇರೆಲ್ಲೋ ಹೋಗಿ ಕೂತಿತ್ತು, ಪರದೆ ಹಳೆಯದನ್ನೇ ತೋರಿಸುತ್ತಿತ್ತು.

ಆ ಒಂದು ಸಾಲನ್ನು ತಿದ್ದಿದರೆ ಮುಗಿಯಿತು ಎಂದುಕೊಂಡೆ. ತಿದ್ದಿಯೂ ಆಯಿತು. ಪರದೆ ಸರಿಯಾಗಿ ತೋರಿಸತೊಡಗಿತು. ಪೆಟ್ಟಿಗೆಯನ್ನು ಕಟ್ಟಿ ಕಳಿಸಲು ಹೊರಟವಳಿಗೆ, ನಿಮ್ಮ ಕಾಲದಲ್ಲಿ ಇಂಥದ್ದನ್ನು ಹೇಗೆ ನಿಭಾಯಿಸುತ್ತಿದ್ದರು ನೋಡೋಣ ಎಂದು ಸುಮ್ಮನೆ ಅನ್ನಿಸಿತು. ಬಾಗಿಲ ಬಳಿಯ ಕಟ್ಟನ್ನು ಎತ್ತಿ, ದೂಳು ಕೊಡವಿ, ನೆಲದ ಮೇಲೆ ಹರಡಿದೆ.

ಪ್ರೋಗ್ರಾಮು ಮಾತ್ರವಲ್ಲ, ಹಳೆಯ ಚಿಪ್‌ನ ಇಡೀ ಅಸೆಂಬ್ಲರ್ ನೀವೇ ಬರೆದದ್ದೆಂದು ನನಗೆ ಗೊತ್ತಾದದ್ದು ಆಗ. ಎಂಟು ಸಾವಿರ ಬೈಟುಗಳಲ್ಲಿ! ಇವತ್ತು ಫೋನಿನಲ್ಲಿ ಒಂದು ಪುಟ್ಟ ಚಿತ್ರಕ್ಕೂ ಅಷ್ಟು ಸಾಲದು. ಅದರಲ್ಲಿ ಆರನೆಯ ಒಂದು ಪಾಲನ್ನು ನೀವು ಒಂದೇ ಕೆಲಸಕ್ಕೆ ಕೊಟ್ಟಿದ್ದೀರಿ. ಹೆಸರು ಕಂಡ ಕೂಡಲೇ ನಿಮ್ಮ ಅಸೆಂಬ್ಲರ್ ತೀರ್ಮಾನಿಸುವುದಿಲ್ಲ. ಆ ಹೆಸರಿನ ಆದೇಶಗಳನ್ನೆಲ್ಲ ಕೈಯಲ್ಲಿ ಹಿಡಿದುಕೊಳ್ಳುತ್ತದೆ. ಮುಂದೆ ಏನು ಬರೆದಿದೆ, ಏನನ್ನು, ಎಲ್ಲಿಂದ, ಎಲ್ಲಿಗೆ ಎಂದು ಓದುತ್ತಾ ಹೊಂದದ್ದನ್ನು ಒಂದೊಂದಾಗಿ ಕೆಳಗಿಡುತ್ತದೆ. ಒಂದೇ ಉಳಿದರೆ ಸರಿ. ಎರಡು ಉಳಿದರೆ ನಿಂತುಬಿಡುತ್ತದೆ. 'ಎರಡು ಅರ್ಥ ಬರುತ್ತಿದೆ. ಯಾವುದೆಂದು ಹೇಳಿ.' ಅಷ್ಟೇ. ಹೇಳುವ ತನಕ ಒಂದು ಹೆಜ್ಜೆ ಮುಂದಿಡುವುದಿಲ್ಲ.

ನೆಲದ ಮೇಲೆ ಕೂತಿದ್ದ ನನಗೆ ನಮ್ಮ ಮನೆಯ ಹಜಾರ ಕಣ್ಣಿಗೆ ಕಟ್ಟಿತು. ಅಮ್ಮ "ಅತ್ತೆ ಕರೀತಿದಾರೆ, ಹೋಗು" ಅಂದರೆ ನಾನು ಓಡಿಬಂದು ನಿಮ್ಮ ಸೆರಗು ಹಿಡಿಯುತ್ತಿದ್ದೆ. ಅಮ್ಮನ ಅತ್ತೆ ಎಂದರೆ ಅಜ್ಜಿ ಅನ್ನುವುದು ನನ್ನ ತಲೆಗೆ ಹೋಗುತ್ತಲೇ ಇರಲಿಲ್ಲ. ಒಂದು ದಿನ ನೀವು ನಗುತ್ತಾ, "ಹೆಸರು ಕಿವಿಗೆ ಬಿದ್ದ ತಕ್ಷಣ ಓಡ್ಬೇಡ ಕಣೇ. ಯಾರು ಹೇಳ್ತಿದಾರೆ ನೋಡು, ಪೂರ್ತಿ ಕೇಳು. ಆಮೇಲೂ ಗೊತ್ತಾಗ್ಲಿಲ್ಲ ಅಂದ್ರೆ ಯಾವ ಅತ್ತೆ ಅಂತ ಬಾಯ್ಬಿಟ್ಟು ಕೇಳು, ಅದರಲ್ಲೇನು ನಾಚಿಕೆ?" ಅಂದಿರಿ. ನಾನು ಅದನ್ನು ಮಕ್ಕಳಿಗೆ ಹೇಳುವ ಮಾತೆಂದುಕೊಂಡಿದ್ದೆ.

ಬೆಸುಗೆ ಮಾಮ ಕಾಗದಗಳನ್ನು ಕಂಡು ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತರು. ಇಂಥ ಎರಡರ್ಥದ ಹೆಸರು ನಿಮ್ಮ ಚಿಪ್‌ನಲ್ಲಿ ಇದ್ದದ್ದು ಎರಡೇ ಅಂತೆ. ಯಜಮಾನರು ಬಂದು, "ಎರಡು ಹೆಸರಿಗೋಸ್ಕರ ಇಷ್ಟು ಜಾಗ ಯಾಕಮ್ಮ ಹಾಳು ಮಾಡ್ತೀಯ? ಮೊದಲನೇದನ್ನ ತಗೊಂಡು ಮುಂದೆ ಹೋದ್ರೆ ಆಯ್ತಪ್ಪ" ಅಂದರಂತೆ. ನೀವು ತಲೆ ಎತ್ತದೆ, "ಒಳಗೆ ಮಗು ಇರುತ್ತೆ ಸಾರ್" ಅಂದಿರಂತೆ.  

ಪೆಟ್ಟಿಗೆಯನ್ನು ಕಳಿಸಲಿಲ್ಲ. ನಿಮ್ಮ ಆ ಪುಟಗಳನ್ನು ಸಾಲು ಬಿಡದೆ ಹೊಸ ಅಸೆಂಬ್ಲರಿಗೆ ಇಳಿಸಿದೆ, ಪ್ರೋಗ್ರಾಮನ್ನು ಮತ್ತೆ ಓದಿಸಿದೆ. ಅದು ನಿಂತಿತು. ನಾನು ತಿದ್ದಿದ್ದ ಸಾಲಿನಲ್ಲಲ್ಲ, ಬೇರೆ ಎರಡು ಕಡೆ. ಒಂದು ತೇವಾಂಶದ್ದು, ಅಲ್ಲಿ ಅದೃಷ್ಟಕ್ಕೆ ಸರಿಯಾದದ್ದೇ ಬಿದ್ದಿತ್ತು. ಇನ್ನೊಂದು ಎಚ್ಚರಿಕೆಯ ಗಂಟೆಯದು. ಎಷ್ಟು ಬಿಸಿ ದಾಟಿದರೆ ಬಾರಿಸಬೇಕೆಂಬ ಅಂಕಿ ಅದರ ಜಾಗವನ್ನೇ ತಲುಪಿರಲಿಲ್ಲ. ಪರದೆ ಸರಿಯಾಗಿರುತ್ತಿತ್ತು, ಎಲ್ಲರೂ ನಂಬುತ್ತಿದ್ದರು. ಎಂದೋ ಒಂದು ದಿನ ಶಾಖ ಏರಿದಾಗ, ನರ್ಸಮ್ಮ ಬೆನ್ನು ತಿರುಗಿಸಿದ್ದ ಹೊತ್ತಿನಲ್ಲಿ, ಆ ಗಂಟೆ ಮೂಕವಾಗಿರುತ್ತಿತ್ತು.

ನಮ್ಮಲ್ಲಿ ಒಬ್ಬರಿಗೂ ಹೊಳೆಯದ್ದನ್ನು, ಹುಟ್ಟಿಯೇ ಇರದ ಚಿಪ್‌ನ ತಪ್ಪನ್ನು, ನೀವು ಇಷ್ಟು ವರ್ಷ ಮೊದಲೇ ತಡೆದು ನಿಲ್ಲಿಸಿದ್ದಿರಿ. 

ತಿದ್ದಿ, ಬಾಟಲಿ ಇಟ್ಟು, ಬೇಕೆಂದೇ ಶಾಖ ಏರಿಸಿದೆವು. ಗಂಟೆ ಹೊಡೆದುಕೊಂಡಿತು. ಇಡೀ ಕೋಣೆ ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದು ನಿಂತಿತು. ಎಷ್ಟೋ ಹೊತ್ತು ಯಾರೂ ಅದನ್ನು ನಿಲ್ಲಿಸಲು ಹೋಗಲಿಲ್ಲ.

ಮೊನ್ನೆ ಬೆಳಿಗ್ಗೆ ಪೆಟ್ಟಿಗೆಯ ಜೊತೆ ಆಸ್ಪತ್ರೆಗೆ ನಾನೇ ಹೋಗಿದ್ದೆ. ನರ್ಸಮ್ಮ ಒಂದು ಕೂಸನ್ನು ತಂದು ಮಲಗಿಸಿದರು. ನನ್ನ ಅಂಗೈಯಿಂದ ಮೊಣಕೈವರೆಗಿನ ಉದ್ದವೂ ಇಲ್ಲ. ಪಾದ ನನ್ನ ಹೆಬ್ಬೆರಳಿನಷ್ಟು. ಎದೆ ಏಳುತ್ತಿತ್ತು, ಇಳಿಯುತ್ತಿತ್ತು.  ಅಷ್ಟರಲ್ಲಿ ತಾಯಿಯನ್ನು ಗಾಲಿಕುರ್ಚಿಯಲ್ಲಿ ಕರೆತಂದರು. ಆಕೆ ಪೆಟ್ಟಿಗೆಯ ಪಕ್ಕದ ಕಿಂಡಿಯಲ್ಲಿ ಕೈ ತೂರಿಸಿ, ಒಂದೇ ಬೆರಳಿನಿಂದ ಆ ಪಾದವನ್ನು ಮುಟ್ಟಿ, "ಬೆಚ್ಚಗಿದಾನೆ" ಅಂದಳು. ಆ ಮಾತು ನಿಮಗೆ ಸೇರಬೇಕಾದದ್ದು ಅತ್ತೆ. ಅದನ್ನು ತಲುಪಿಸಲೆಂದೇ ಇಷ್ಟು ಬರೆದೆ.

ನಿಮ್ಮ ಕಣ್ಣು, ಕೈ, ನೆನಪು ಬಹುಕಾಲ ಗಟ್ಟಿಯಾಗಿರಲಿ. ಕೂತಲ್ಲಿಂದಲೇ ನನ್ನನ್ನು ಹರಸಿ.

ನಿಮ್ಮ ಕಾಲು ಮುಟ್ಟಿ ನಮಸ್ಕರಿಸುವ,
ನಿಮ್ಮ ಸೋದರಸೊಸೆ